ಚಿಕ್ಕ ಮನೆಯ ಶುಚಿತ್ವಕ್ಕೊಂದು ದಿನಚರಿ

ಶುಚಿತ್ವದ ಪಾಠವಿಲ್ಲದ ಮದ್ರಸವಿಲ್ಲ. ವುಝೂವಿನ ಕಡ್ಡಾಯಗಳು, ಸ್ನಾನದ ವಿಧಿ, ಬಟ್ಟೆಗೆ ತಗಲಿದ ನಜಸನ್ನು ತೊಳೆಯುವ ಕ್ರಮ, ಇವನ್ನೆಲ್ಲ ನಮ್ಮ ಮಕ್ಕಳು ಎಳವೆಯಲ್ಲೇ ಕಲಿಯುತ್ತಾರೆ. ಹಲವು ವರ್ಷಗಳಿಂದ ನಾನು ಕಲಿಸುತ್ತಿರುವುದೂ ಇದನ್ನೇ. ಆದರೆ ಈ ಪಾಠ ನನ್ನ ಸ್ವಂತ ಮನೆಯ ಹೊಸ್ತಿಲು ದಾಟಿರಲಿಲ್ಲ ಎಂಬುದು ನನಗೆ ತಿಳಿದದ್ದು ತಡವಾಗಿ.

ನಾವಿರುವುದು ಮಂಗಳೂರಿನ ಒಂದು ಫ್ಲ್ಯಾಟಿನಲ್ಲಿ. ಒಂದು ಮಲಗುವ ಕೋಣೆ, ಒಂದು ಹಜಾರ, ಇಬ್ಬರು ನಿಂತರೆ ತುಂಬಿ ಹೋಗುವ ಅಡುಗೆಮನೆ. ಒಂದು ಮಳೆಗಾಲದ ಸಂಜೆ ಊರಿನಿಂದ ತಾಯಿ ಬಂದಿದ್ದರು. ಮಗ್ರಿಬ್‌ನ ಬಾಂಗ್ ಆಯಿತು. ಮುಸಲ್ಲ ಹಾಸಲು ಜಾಗ ನೋಡಿದರೆ ನೆಲದ ಮೇಲೆ ಮಕ್ಕಳ ಪುಸ್ತಕ, ಕುರ್ಚಿಯ ಮೇಲೆ ಒಣಗದ ಬಟ್ಟೆ, ಮೂಲೆಯಲ್ಲಿ ನನ್ನದೇ ಹಳೆಯ ಪತ್ರಿಕೆಗಳ ರಾಶಿ. ಎಲ್ಲವನ್ನೂ ಸರಿಸುವವರೆಗೆ ತಾಯಿ ನಿಂತೇ ಇದ್ದರು. ಆ ರಾತ್ರಿ ನಾನು ಮಡದಿಯ ಮೇಲೆ ಸಿಡುಕಿದೆ. ಅವಳು ಜಗಳವಾಡಲಿಲ್ಲ. "ನೀವು ಮದ್ರಸದಲ್ಲಿ ಹೇಳುವ ಶುಚಿತ್ವ ಹೆಂಗಸರಿಗೆ ಮಾತ್ರವೇ?" ಎಂದಷ್ಟೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಓದುಗರೇ, ನಿಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳದಿರಬಹುದು. ಕೇಳಿಲ್ಲವೆಂದ ಮಾತ್ರಕ್ಕೆ ಪ್ರಶ್ನೆ ಇಲ್ಲವೆಂದಲ್ಲ.

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಇಶಾ(ರ) ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಅವರು ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು. ಚಪ್ಪಲಿ, ಬಟ್ಟೆಗಳನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದುದೂ ವರದಿಯಾಗಿದೆ. ಅಂತಹವರ ಅನುಯಾಯಿಗಳು ಕುಡಿದ ಚಹಾದ ಲೋಟವನ್ನು ಕುಳಿತಲ್ಲೇ ಬಿಟ್ಟು ಏಳುವುದು ಯಾವ ಸುನ್ನತ್?

ಎರಡನೆಯ ಮಾತು. ನಮ್ಮಲ್ಲಿ ಅನೇಕರು ರಮಝಾನ್ ಅಥವಾ ಪೆರ್ನಾಲ್ ಬಂದಾಗ ಮಾತ್ರ ಮನೆಯನ್ನು ತಲೆಕೆಳಗು ಮಾಡಿ ತೊಳೆಯುತ್ತಾರೆ. ಎರಡು ದಿನ ಬೆನ್ನು ಮುರಿಯುವ ದುಡಿಮೆ, ಎರಡು ವಾರದಲ್ಲಿ ಮತ್ತೆ ಹಿಂದಿನ ಸ್ಥಿತಿ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಹದೀಸ್ ನಮಗೆ ಕಲಿಸುತ್ತದೆ. ಆರಾಧನೆಗೆ ಸಲ್ಲುವ ಈ ನಿಯಮ ಪೊರಕೆಗೂ ಸಲ್ಲುತ್ತದೆ. ದಿನಕ್ಕೆ ಐದು ಸಲ ಬರುವ ನಮಾಝಿಗಿಂತ ಉತ್ತಮ ಗಡಿಯಾರ ನಮಗೆ ಬೇರೆ ಬೇಕಿಲ್ಲ. ನಾವು ಪ್ರತಿ ವೇಳೆಗೆ ಒಂದೊಂದು ಸಣ್ಣ ಕೆಲಸವನ್ನು ಸೇರಿಸಿಕೊಂಡೆವು.

ಸುಬ್‌ಹ್‌ನ ನಂತರ: ಎದುರುಬದುರಿನ ಕಿಟಕಿಗಳನ್ನು ಕಾಲು ಗಂಟೆ ತೆರೆದಿಡಿ. ಹಾಸಿಗೆಯನ್ನು ಎದ್ದವರೇ ಮಡಚಲಿ. ಏಳು ವರ್ಷದ ಮಗುವೂ ತನ್ನ ಹೊದಿಕೆಯನ್ನು ಮಡಚಬಲ್ಲದು.

ಲುಹ್‌ರ್‌ನ ನಂತರ: ಊಟದ ಪಾತ್ರೆ ತೊಳೆದು, ಒಲೆಯ ಸುತ್ತ ಒರೆಸಿರಿ. ಎಣ್ಣೆಯ ಜಿಡ್ಡು ಅಂದೇ ಆದರೆ ಒಂದು ಒದ್ದೆ ಬಟ್ಟೆಗೆ ಹೋಗುತ್ತದೆ, ವಾರ ಕಳೆದರೆ ಉಜ್ಜಿದರೂ ಹೋಗದು.

ಅಸರ್‌ನ ನಂತರ: ಗುಡಿಸುವ ಕೆಲಸ. ಮೊದಲು ಮೇಲಿನ ಧೂಳು, ಬಳಿಕ ನೆಲ. ಮಗ್ರಿಬ್‌ಗೆ ಮುಂಚೆ ಮುಸಲ್ಲದ ಜಾಗ ಖಾಲಿಯಾಗಿರಲಿ. ಆ ಜಾಗದಲ್ಲಿ ಏನನ್ನೂ ಇಡಬಾರದೆಂಬುದು ನಮ್ಮ ಮನೆಯ ಕಾನೂನು.

ಮಗ್ರಿಬ್‌ನ ನಂತರ: ಮಕ್ಕಳು ತಮ್ಮ ಪುಸ್ತಕ, ಚಪ್ಪಲಿಗಳನ್ನು ಸ್ಥಾನಕ್ಕೆ ಸೇರಿಸಲಿ.

ಇಶಾದ ನಂತರ: ಇದು ಮನೆಯ ಗಂಡಸಿನ ಪಾಲು. ಸಿಂಕ್ ಬರಿದಾಗಬೇಕು, ಒರೆಸುವ ಬಟ್ಟೆ ಹಿಂಡಿ ಹರವಬೇಕು, ಹಸಿಕಸ ಒಣಕಸ ಬೇರೆಯಾಗಿ ಕಟ್ಟಬೇಕು, ಗ್ಯಾಸ್ ಮುಚ್ಚಬೇಕು. ರಾತ್ರಿ ಪಾತ್ರೆಗಳನ್ನು ಮುಚ್ಚಿ, ದೀಪ ಆರಿಸಿ ಮಲಗಬೇಕೆಂಬ ಪ್ರವಾದಿ ಬೋಧನೆ ನಿಮಗೆ ತಿಳಿದೇ ಇದೆ. ಜಿರಳೆಯ ಕಾಟವಿರುವ ಫ್ಲ್ಯಾಟಿನಲ್ಲಿ ಅದರ ಹಿತ ಮರುದಿನವೇ ಕಾಣುತ್ತದೆ.

ಇವುಗಳಲ್ಲಿ ಯಾವುದಕ್ಕೂ ಬಹಳ ಹೊತ್ತು ಬೇಡ. ವಾರದ ಕೆಲಸವನ್ನು ಶುಕ್ರವಾರ ಬೆಳಿಗ್ಗೆ, ಜುಮಾದ ಸ್ನಾನಕ್ಕೆ ಮುಂಚೆ ಇಟ್ಟುಕೊಳ್ಳಬಹುದು. ಹಾಸಿಗೆಯ ಬಟ್ಟೆ ಒಗೆಯುವುದು, ಬಚ್ಚಲು ಉಜ್ಜುವುದು, ನೀರು ತುಂಬಿಟ್ಟ ಬಕೆಟ್, ಹೂಕುಂಡದ ತಟ್ಟೆ, ಫ್ರಿಡ್ಜಿನ ಹಿಂದಿನ ತಟ್ಟೆಗಳನ್ನು ಬರಿದು ಮಾಡುವುದು. ಡೆಂಗೆ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚನೆಯ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ ಎಂಬ ಲೆಕ್ಕ. ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ಉಜ್ಜಬೇಕು. ಅಲ್ಲಿ ಅಂಟಿಕೊಂಡ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಕೋಣೆಯೊಳಗೆ ಬಟ್ಟೆ ಒಣಗಿಸಿದರೆ ಅದು ಇನ್ನೂ ಹೆಚ್ಚುತ್ತದೆ. ಅನಿವಾರ್ಯವಾದರೆ ಒಂದೇ ಕಡೆ ಹಾಕಿ, ಫ್ಯಾನ್ ಹಚ್ಚಿ, ಕಿಟಕಿ ತುಸು ತೆರೆದಿಡಿ. ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ದೂರವಿಡಿ.

ಒಂದು ಎಚ್ಚರಿಕೆಯನ್ನು ಮನೆಯ ಎಲ್ಲರಿಗೂ ಹೇಳಿರಿ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣವನ್ನು ಶೌಚಾಲಯ ತೊಳೆಯುವ ಆಸಿಡ್‌ನೊಂದಿಗೆ ಎಂದಿಗೂ ಬೆರೆಸಬಾರದು. ಅದರಿಂದ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಕಿಟಕಿ ಚಿಕ್ಕದಾದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಶುಚಿತ್ವವು ಬಾಗಿಲಿಗೆ ಮುಗಿಯುವುದಿಲ್ಲ. ನಮ್ಮ ಮನೆಯ ಧೂಳನ್ನು ಬಾಲ್ಕನಿಯಿಂದ ಕೊಡವಿದರೆ ಅದು ಬೀಳುವುದು ಕೆಳಗಿನವರು ಒಣಹಾಕಿದ ಬಟ್ಟೆಯ ಮೇಲೆ. ಕಸದ ಚೀಲವನ್ನು ಮೆಟ್ಟಿಲಲ್ಲಿಟ್ಟರೆ ವಾಸನೆ ಎಲ್ಲರಿಗೂ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಭಾಗವೆಂದು ಕಲಿತವರು ನೆರೆಯವರ ದಾರಿಯಲ್ಲಿ ತೊಂದರೆಯನ್ನು ತಂದಿಡಬಹುದೇ? ನೆರೆಯವರು ಯಾವ ಧರ್ಮದವರೇ ಆಗಿರಲಿ, ಅವರ ಹಕ್ಕು ಹಕ್ಕೇ.

ಇನ್ನು, ಅತಿರೇಕವೂ ಸಲ್ಲದು. ಮಗು ಹಾಲು ಚೆಲ್ಲಿತೆಂದು ಹೊಡೆಯುವ, ನೆಲ ಕೊಳೆಯಾದೀತೆಂದು ಅತಿಥಿಗೆ ಮುಖ ಗಂಟಿಕ್ಕುವ ಮನೆಯಲ್ಲಿ ನೆಲ ಹೊಳೆದರೂ ಶುಚಿತ್ವವಿಲ್ಲ. ಧಾರಾಳ ನೀರು ಸುರಿಯುವುದೂ ಶುಚಿತ್ವವಲ್ಲ. ವುಝೂವಿನಲ್ಲೇ ನೀರಿನ ದುಂದುವೆಚ್ಚ ಬೇಡವೆಂದ ಧರ್ಮ ನಮ್ಮದು.

ಹೋದ ಮಳೆಗಾಲದಲ್ಲಿ ತಾಯಿ ಮತ್ತೆ ಬಂದರು. ಮನೆ ದೊಡ್ಡದಾಗಿರಲಿಲ್ಲ, ಒಣಗದ ಬಟ್ಟೆಯೂ ಇತ್ತು. ಆದರೆ ಬಾಂಗ್ ಆದಾಗ ಅವರು ನಿಂತು ಕಾಯಬೇಕಾಗಲಿಲ್ಲ. ಇಂದು ಇಶಾದ ನಂತರ ನೀವೂ ಒಂದು ಕೆಲಸದಿಂದ ಆರಂಭಿಸಿರಿ. ನಮ್ಮ ಮನೆಗಳನ್ನೂ ಮನಸ್ಸುಗಳನ್ನೂ ಅಲ್ಲಾಹನು ಶುಚಿಯಾಗಿಡಲಿ. ಆಮೀನ್.