ಸಿಗ್ನಲ್‌ನಿಂದ ಶಾಲೆಗೆ: ಭಿಕ್ಷೆ ಬೇಡುವ ಮಗುವಿಗೆ ನೆರವಾಗುವುದು ಹೇಗೆ?

ಸಿಗ್ನಲ್‌ನಲ್ಲಿ ಪೆನ್ನು, ಬಲೂನು ಹಿಡಿದು ಗಾಜು ತಟ್ಟುವ ಮಗುವಿಗೆ ಹತ್ತು ರೂಪಾಯಿ ಕೊಡಬೇಕೇ, ಬೇಡವೇ? ದುಡ್ಡು ಬೇಡ ಎಂದೇ ನಾನು ಹೇಳುತ್ತೇನೆ. ಹಸಿದಿದ್ದರೆ ಇಡ್ಲಿ ಕೊಡಿಸಿ, ಅಲ್ಲೇ ಕೂತು ತಿನ್ನಲಿ. ಮಗುವಿನ ಗಳಿಕೆ ಹೆಚ್ಚಿದಷ್ಟೂ ಅದನ್ನು ರಸ್ತೆಯಿಂದ ಬಿಡಿಸುವುದು ಕಷ್ಟ. ಆದರೆ ದುಡ್ಡು ಕೊಡದೆ ಮುಖ ತಿರುಗಿಸಿಕೊಂಡು ಹೋದರೆ ನಾಳೆಯೂ ಆ ಮಗು ಅಲ್ಲೇ ನಿಂತಿರುತ್ತದೆ. ನಿಜವಾಗಿ ನೆರವಾಗಬೇಕೆನ್ನುವವರು ಮಾಡಬಹುದಾದದ್ದು ಬಹಳ ಇದೆ.

ಮೊದಲು ತಿಳಿಯಿರಿ: ಮಗು ಯಾರ ಜೊತೆಗಿದೆ?

ಬೀದಿಯಲ್ಲಿರುವ ಮಕ್ಕಳೆಲ್ಲ ಒಂದೇ ಬಗೆಯವರಲ್ಲ. ಮನೆ ಬಿಟ್ಟು ಓಡಿಬಂದು ರೈಲು ನಿಲ್ದಾಣದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಒಂಟಿಯಾಗಿರುವವರು ಕೆಲವರು. ಅಪ್ಪ ಅಮ್ಮನ ಜೊತೆ ಫ್ಲೈಓವರ್ ಕೆಳಗೆ ಬದುಕುವವರು ಇನ್ನು ಕೆಲವರು. ಹಗಲೆಲ್ಲ ಬೇಡಿ ಸಂಜೆ ಕೊಳೆಗೇರಿಯ ಶೆಡ್ಡಿಗೆ ಮರಳುವವರೂ ಇದ್ದಾರೆ. ಒಂಟಿ ಮಗುವಿಗೆ ಮೊದಲು ಬೇಕಾದದ್ದು ಆಸರೆ, ಕುಟುಂಬವಿರುವ ಮಗುವಿಗೆ ಆ ಕುಟುಂಬಕ್ಕೆ ಸಿಗುವ ನೆರವು. ಹಾಗಾಗಿ ಕೆಲವು ದಿನ ಗಮನಿಸಿ: ಯಾವ ಹೊತ್ತಿಗೆ ಬರುತ್ತದೆ, ದುಡ್ಡನ್ನು ಯಾರ ಕೈಗೆ ಕೊಡುತ್ತದೆ? ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ. ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಬಯಲಾಗುವಂತೆ ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ.

1098ಕ್ಕೆ ಕರೆ ಮಾಡಿ

ಮಕ್ಕಳ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ. ಕರೆ ಉಚಿತ. ಜಾಗದ ಗುರುತು, ಮಗುವಿನ ಅಂದಾಜು ವಯಸ್ಸು, ತೊಟ್ಟ ಬಟ್ಟೆ, ಜೊತೆಗಿರುವವರು, ಇಷ್ಟನ್ನು ಹೇಳಿ. ಸಹಾಯ ಮಾಡುವ ಅವಸರದಲ್ಲಿ ಮಗುವನ್ನು ನೀವೇ ಮನೆಗೆ ಕರೆದೊಯ್ಯಬೇಡಿ. ಒಂಟಿ ಮಗು ಸಿಕ್ಕಿದರೆ 24 ಗಂಟೆಯೊಳಗೆ ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. 2015ರ ಬಾಲನ್ಯಾಯ ಕಾಯ್ದೆಯ ಕಣ್ಣಲ್ಲಿ ಭಿಕ್ಷೆ ಬೇಡುವ ಮಗು ತಪ್ಪಿತಸ್ಥನಲ್ಲ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ ಐದು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡವಿದೆ. ಅಂಗ ಊನಗೊಳಿಸಿ ಬೇಡಿಸಿದರೆ ಶಿಕ್ಷೆ ಇನ್ನೂ ಕಠಿಣ. ಅಷ್ಟು ಗದ್ದಲದಲ್ಲೂ ಗಂಟೆಗಟ್ಟಲೆ ಕಣ್ಣು ಬಿಡದೆ ಮಲಗಿರುವ ಕೂಸನ್ನು ಕಂಡರೆ ಆ ಮಾತನ್ನು ತಪ್ಪದೆ ತಿಳಿಸಿ, ಅಮಲು ಪದಾರ್ಥ ಕೊಟ್ಟಿರಬಹುದು.

ತಾಯಿಯ ಮಾತು ಕೇಳಿ

ಬಹಳಷ್ಟು ಪ್ರಯತ್ನಗಳು ಸೋಲುವುದು ಇಲ್ಲೇ. ತಾಯಿಗೆ ಬುದ್ಧಿ ಹೇಳಲು ಹೋಗುತ್ತೇವೆ, ಅವಳ ಕಷ್ಟ ಕೇಳುವುದಿಲ್ಲ. ಒಂಬತ್ತು ವರ್ಷದ ಹುಡುಗಿಯ ಸೊಂಟದ ಮೇಲೆ ತಮ್ಮನೋ ತಂಗಿಯೋ ಇದ್ದೇ ಇರುತ್ತದೆ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಹಾಲಿನ ಬಾಟಲಿ. "ಇವಳು ಸ್ಕೂಲಿಗೆ ಹೋದ್ರೆ ಚಿಕ್ಕದನ್ನ ಯಾರು ನೋಡ್ಕೊಳ್ತಾರಕ್ಕಾ?" ಎಂದು ತಾಯಿ ಕೇಳಿದರೆ ಅದು ನೆಪವಲ್ಲ. ಆ ಕೂಸಿಗೆ ಜಾಗ ಹುಡುಕದೆ ಅಕ್ಕನನ್ನು ಶಾಲೆಗೆ ಸೇರಿಸಿದರೆ ಮರುವಾರ ಅವಳು ಮತ್ತೆ ರಸ್ತೆಯಲ್ಲಿರುತ್ತಾಳೆ. ಮೂರು ವರ್ಷ ತುಂಬಿದ್ದರೆ ಅಂಗನವಾಡಿಗೆ ಸೇರಿಸಿ. ಅದಕ್ಕಿಂತ ಚಿಕ್ಕದಾದರೆ ಹತ್ತಿರದ ಶಿಶುಪಾಲನಾ ಕೇಂದ್ರವನ್ನು ವಿಚಾರಿಸಿ.

ತಾಯಿಯ ಎರಡನೆಯ ಚಿಂತೆ ಆದಾಯ. ಮಗು ತರುತ್ತಿದ್ದ ದುಡ್ಡು ನಿಂತರೆ ಒಲೆ ಉರಿಯುವುದು ಹೇಗೆ? ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದ ನೆರವಿಗೆ ಅರ್ಜಿ ಹಾಕಬಹುದೇ ಎಂದು ಕೇಳಿ. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಾಯಿಗೆ ಬ್ಯಾಂಕ್ ಖಾತೆ, ರೇಷನ್ ಕಾರ್ಡ್ ಮಾಡಿಸಲು ನೀವೇ ಜೊತೆಗೆ ಹೋಗಿ. ಕೌಂಟರಿನಲ್ಲಿ ಜೊತೆಗೆ ಓದುಬರಹ ಬಲ್ಲವರೊಬ್ಬರು ನಿಂತರೆ ಉತ್ತರಿಸುವ ದನಿಯೇ ಬದಲಾಗುತ್ತದೆ.

ಶಾಲೆಗೆ ದಾಖಲಿಸುವಾಗ

ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಜನನ ಪ್ರಮಾಣ ಪತ್ರವಿಲ್ಲ, ಟಿಸಿ ಇಲ್ಲ, ದಾಖಲಾತಿ ಮುಗಿದಿದೆ ಎಂಬ ಕಾರಣ ಹೇಳಿ ಸರ್ಕಾರಿ ಶಾಲೆ ಸೀಟು ನಿರಾಕರಿಸುವಂತಿಲ್ಲ. ಆಧಾರ್ ಇಲ್ಲವೆಂದೂ ಮರಳಿಸುವಂತಿಲ್ಲ. ಮುಖ್ಯ ಶಿಕ್ಷಕರು ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದುಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ.

ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಬಾರದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಕನಿಷ್ಠ ಮೂರು ತಿಂಗಳು, ಅಗತ್ಯವಿದ್ದರೆ ಎರಡು ವರ್ಷದವರೆಗೆ ವಿಶೇಷ ತರಬೇತಿ ಕೊಡಬೇಕು. ಇದನ್ನು ಕೇಳಿ ಪಡೆಯಿರಿ, ತಾನಾಗಿ ಸಿಗುವುದು ಕಡಿಮೆ. ರಾತ್ರಿ ತಂಗಲು ಜಾಗವೇ ಇಲ್ಲದ ಮಕ್ಕಳಿಗೆ ವಸತಿ ಶಾಲೆಗಳಿವೆ. ಆರನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯ ಒಂದು ದಾರಿ.

ಮೊದಲ ಮೂರು ತಿಂಗಳು

ಸೇರಿಸಿ ಬಂದರೆ ಕೆಲಸ ಅರ್ಧವಷ್ಟೇ ಮುಗಿದಂತೆ. ನೂರು ರೂಪಾಯಿಗೆ ಚಿಲ್ಲರೆ ಕೊಡುವ ಲೆಕ್ಕವನ್ನು ಬಾಯಲ್ಲೇ ಹೇಳುವ ಹುಡುಗನಿಗೆ ಸ್ಲೇಟಿನ ಮೇಲೆ ನಾಲ್ಕನ್ನು ತಿದ್ದಲು ಬರುವುದಿಲ್ಲ, ನಾಚಿಕೆಯಿಂದ ಓಡಿಹೋಗುತ್ತಾನೆ. ಅವನಿಗೆ ಮೊದಲು ಬಾಯಿಲೆಕ್ಕವನ್ನೇ ಕೊಡಿ ಎಂದು ಶಿಕ್ಷಕರಿಗೆ ಹೇಳಿ. ಮನೆಮಾತು ತೆಲುಗೋ ಲಂಬಾಣಿಯೋ ಹಿಂದಿಯೋ ಆಗಿದ್ದರೆ ಆ ಮಾತು ಬಲ್ಲ ಮಗುವಿನ ಪಕ್ಕ ಕೂರಿಸಲು ಕೇಳಿಕೊಳ್ಳಿ. ತಲೆಯ ಹೇನು, ಕಜ್ಜಿಗೆ ಸೇರುವ ಮುಂಚೆಯೇ ಮದ್ದು ಮಾಡಿಸಿ. "ಭಿಕ್ಷೆ ಬೇಡ್ತಿದ್ದವನು" ಎಂದು ಜೊತೆಯವರು ಹಂಗಿಸದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ, ಅದನ್ನು ಅವರಿಗೆ ನೇರವಾಗಿಯೇ ನೆನಪಿಸಿ. ಒಂದು ದಿನ ಗೈರಾದರೆ ಅವತ್ತು ಸಂಜೆಯೇ ಶೆಡ್ಡಿಗೆ ಹೋಗಿ ಬನ್ನಿ. ವಾರ ಕಳೆದರೆ ತಡವಾಗುತ್ತದೆ.

ರಜೆಗಳ ಬಗ್ಗೆ ಮೊದಲೇ ಯೋಚಿಸಿ. ದಸರಾ, ಬೇಸಿಗೆ ರಜೆಯಲ್ಲಿ ಶಾಲೆಯ ಊಟವಿಲ್ಲ, ಹಬ್ಬದ ದಿನಗಳಲ್ಲಿ ಭಿಕ್ಷೆಯ ಗಳಿಕೆಯೂ ಹೆಚ್ಚು. ಏಪ್ರಿಲ್ ಬರುವ ಮೊದಲೇ ಹತ್ತಿರದ ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ಮಧ್ಯಾಹ್ನದವರೆಗೆ ಮಕ್ಕಳು ಸೇರುವಂತೆ ಏರ್ಪಾಡು ಮಾಡಿ, ಊಟದ ಖರ್ಚನ್ನು ಬಡಾವಣೆಯ ನಾಲ್ಕಾರು ಮನೆಯವರು ಹಂಚಿಕೊಳ್ಳಿ. ಕುಟುಂಬ ಬೇರೆ ಊರಿಗೆ ಹೊರಟರೆ ಶಾಲಾ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಿ, ಜೊತೆಗೆ ನಿಮ್ಮ ಫೋನ್ ನಂಬರನ್ನೂ.