ಪೆಟ್ಟಿಗೆ ಬಂದ ದಿನದಿಂದಲೇ ಅವಧಿ ಎಣಿಕೆ: ಕಿಟ್ ಕಾರು ಕಟ್ಟುವವರ ಹಕ್ಕುಗಳು

ಕಾರನ್ನು ಬಿಡಿಭಾಗಗಳಾಗಿ ಕೊಂಡು, ಮನೆಯ ಗ್ಯಾರೇಜಿನಲ್ಲಿ ಸ್ವತಃ ಜೋಡಿಸಿ ರಸ್ತೆಗೆ ಇಳಿಸುವ ಹವ್ಯಾಸ ಬ್ರಿಟನ್ನಿನಲ್ಲಿ ಹಳೆಯದು. ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಎರಡು ಆಸನದ ಹಗುರ ಸ್ಪೋರ್ಟ್ಸ್ ಕಾರು ಈ ಹವ್ಯಾಸವನ್ನು ಮನೆಮಾತಾಗಿಸಿತು. ಪೂರ್ತಿ ಜೋಡಿಸಿದ ಕಾರಿಗೆ ಆಗ ಖರೀದಿ ತೆರಿಗೆ ಬೀಳುತ್ತಿತ್ತು, ಕಿಟ್‌ಗೆ ಬೀಳುತ್ತಿರಲಿಲ್ಲ. 1973ರಲ್ಲಿ ಆ ತೆರಿಗೆಯ ಜಾಗಕ್ಕೆ ವ್ಯಾಟ್ ಬಂತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರಹ್ಯಾಮ್ ಸಂಸ್ಥೆಯ ಪಾಲಾಯಿತು. ತೆರಿಗೆಯ ಲಾಭ ಹೋದರೂ ಕಟ್ಟುವವರ ಉತ್ಸಾಹ ಇಳಿಯಲಿಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರುಗಳಿಗೂ ಈ ಸೆಳೆತ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಇಂಥ ಕಾರು ಕೈಕೊಟ್ಟಾಗ ಕಾನೂನಿನ ನೆರವು ಪಡೆಯುವುದು ಶೋರೂಮಿನಿಂದ ತಂದ ಕಾರಿನಷ್ಟು ಸರಳವಲ್ಲ. ಅಲ್ಲಿ ಇಡೀ ಕಾರಿಗೆ ಮಾರಿದವನೇ ಹೊಣೆ. ಇಲ್ಲಿ ಭಾಗಗಳನ್ನು ಮಾರಿದವನೊಬ್ಬ, ಜೋಡಿಸಿದವನು ಕೊಂಡವನೇ. ಕೆಟ್ಟದ್ದು ಭಾಗವೋ ಜೋಡಣೆಯೋ ಎಂಬುದರ ಮೇಲೆ ಎಲ್ಲ ಹಕ್ಕೂ ನಿಂತಿರುತ್ತದೆ. ಆದ್ದರಿಂದ ಕಿಟ್ ಕಾರಿನ ಮಾಲೀಕನಿಗೆ ದೋಷ ಹುಡುಕುವುದೂ ಪುರಾವೆ ಕೂಡಿಸುವುದೂ ಒಂದೇ ಕೆಲಸ. ಆ ಕೆಲಸ ಪೆಟ್ಟಿಗೆಗಳು ಮನೆಗೆ ಬಂದ ದಿನವೇ ಶುರುವಾಗಬೇಕು. ಎಂಜಿನ್ ಮೊದಲ ಸಲ ಚಾಲೂ ಆಗುವ ತನಕ ಕಾದವರು ಅಷ್ಟರಲ್ಲಾಗಲೇ ಬಹಳಷ್ಟು ಕಳೆದುಕೊಂಡಿರುತ್ತಾರೆ.

ಕಳೆದುಕೊಳ್ಳುವುದು ಹೇಗೆ ಎಂಬುದನ್ನು ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲೇ ಕಾಣಬಹುದು. ವ್ಯಾಪಾರಿಯಿಂದ ಕೊಂಡ ಸರಕು ತೃಪ್ತಿಕರ ಗುಣಮಟ್ಟದ್ದಾಗಿರಬೇಕು, ಉದ್ದೇಶಕ್ಕೆ ತಕ್ಕುದಾಗಿರಬೇಕು, ವಿವರಣೆಗೆ ಹೊಂದಿಕೆಯಾಗಬೇಕು ಎಂದು ಅದು ಹೇಳುತ್ತದೆ. ದೋಷವಿದ್ದರೆ 30 ದಿನಗಳೊಳಗೆ ಸರಕನ್ನು ತಿರಸ್ಕರಿಸಿ ಹಣ ವಾಪಸು ಕೇಳಬಹುದು. ಆಗ ದೋಷವನ್ನು ತೋರಿಸಿಕೊಡುವ ಹೊಣೆ ಗ್ರಾಹಕನದೇ. ಆ ಗಡುವು ದಾಟಿದ ಮೇಲೆ ದುರಸ್ತಿ ಅಥವಾ ಬದಲಿ ಕೇಳುವ ಹಕ್ಕು ಇರುತ್ತದೆ. ಒಮ್ಮೆ ದುರಸ್ತಿ ಮಾಡಿಯೂ ಸರಿಹೋಗದಿದ್ದರೆ ಬೆಲೆ ಇಳಿಸಲು ಇಲ್ಲವೇ ಅಂತಿಮವಾಗಿ ತಿರಸ್ಕರಿಸಲು ಅವಕಾಶವಿದೆ. ಈ ಎರಡನೆಯ ಹಂತದಲ್ಲಿ ಗ್ರಾಹಕನಿಗೆ ದೊಡ್ಡ ಬಲವೊಂದನ್ನು ಕಾಯ್ದೆ ಕೊಡುತ್ತದೆ: ಸರಕು ಕೈಗೆ ಬಂದ 6 ತಿಂಗಳೊಳಗೆ ಕಾಣಿಸಿಕೊಂಡ ದೋಷ ಮೊದಲ ದಿನದಿಂದಲೇ ಇತ್ತು ಎಂದು ಭಾವಿಸಲಾಗುತ್ತದೆ, ಇರಲಿಲ್ಲ ಎಂದು ರುಜುವಾತು ಮಾಡಬೇಕಾದವನು ಮಾರಾಟಗಾರ. 6 ತಿಂಗಳು ಕಳೆದರೆ ಈ ಹೊಣೆ ಗ್ರಾಹಕನ ಹೆಗಲಿಗೆ ಬರುತ್ತದೆ. ವಾರಾಂತ್ಯದ ಬಿಡುವಿನಲ್ಲಿ ಕಾರು ಕಟ್ಟುವವರಿಗೆ ವರ್ಷ ಹಿಡಿಯುವುದು ಅಪರೂಪವೇನಲ್ಲ. ಮಾರಾಟಗಾರನೇ ಅಳವಡಿಸಿಕೊಡಬೇಕಾದ ಸರಕಾದರೆ 30 ದಿನಗಳ ಎಣಿಕೆ ಅಳವಡಿಕೆ ಮುಗಿಯುವವರೆಗೆ ಶುರುವಾಗುವುದಿಲ್ಲ. ಗ್ರಾಹಕನೇ ಜೋಡಿಸುವ ಕಿಟ್‌ಗೆ ಆ ರಿಯಾಯಿತಿ ಇಲ್ಲ. ಹೀಗಾಗಿ ಗೇರ್‌ಬಾಕ್ಸ್ ಒಮ್ಮೆಯೂ ತಿರುಗದೆ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿರುವಾಗಲೇ ಅದರ ಮೇಲಿನ ಅತಿ ಬಲವಾದ ಹಕ್ಕು ಮುಗಿದುಹೋಗಬಹುದು.

ಇದು ಅನ್ಯಾಯವಲ್ಲವೇ, ಕಾರು ಪೂರ್ತಿಯಾಗುವವರೆಗೆ ಅವಧಿಯನ್ನು ಕಾನೂನು ತಡೆಹಿಡಿಯಬೇಕಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ನ್ಯಾಯವಿದೆ, ಫ್ರಿಜ್ಜು, ಬೂಟುಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮ ಕಿಟ್ ಕಾರಿನ ಮೈಗೆ ಸರಿಯಾಗಿ ಕೂರುವುದಿಲ್ಲ. ಆದರೆ ಮಾರಾಟಗಾರನ ಕಡೆಯಿಂದಲೂ ಯೋಚಿಸಬೇಕು. ತೇವದ ಗ್ಯಾರೇಜಿನಲ್ಲಿ ಎರಡು ಚಳಿಗಾಲ ಕಳೆದ ಭಾಗದ ಸ್ಥಿತಿಗೆ ತಾನೇ ಹೊಣೆಯೆಂದು ಅವನು ಒಪ್ಪಬೇಕೆನ್ನುವುದೂ ಕಷ್ಟ. 6 ತಿಂಗಳಿಗೆ ಹಕ್ಕು ಸಾಯುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಒಪ್ಪಂದ ಮುರಿದದ್ದಕ್ಕೆ ದಾವೆ ಹೂಡಲು 6 ವರ್ಷಗಳ ಕಾಲಾವಕಾಶವಿದೆ, ಸ್ಕಾಟ್ಲೆಂಡಿನಲ್ಲಿ 5. ಬದಲಾಗುವುದು ರುಜುವಾತಿನ ಭಾರ ಮಾತ್ರ, ಮತ್ತು ಆ ಭಾರ ಹೊರಲು ಬೇಕಾದ ಶಕ್ತಿಯನ್ನು ಮೊದಲ ವಾರದಲ್ಲೇ ಗಳಿಸಿಟ್ಟುಕೊಳ್ಳಬಹುದು. ಎಲ್ಲ ಪೆಟ್ಟಿಗೆಗಳನ್ನೂ ಕೂಡಲೇ ಬಿಚ್ಚಿ, ಪಟ್ಟಿಯೊಂದಿಗೆ ತಾಳೆ ನೋಡಿ, ಪ್ರತಿ ದೊಡ್ಡ ಭಾಗದ ಫೋಟೊ ಮತ್ತು ಕ್ರಮಸಂಖ್ಯೆ ಉಳಿಸಿಕೊಂಡರೆ, ವೆಲ್ಡಿಂಗಿನ ಬಿರುಕು, ಬಾಗಿದ ಸಸ್ಪೆನ್ಷನ್ ತೋಳು, ಸಡಿಲ ಬೇರಿಂಗ್‌ಗಳಂಥವನ್ನು ಆಗಲೇ ಮಿಂಚಂಚೆಯಲ್ಲಿ ತಿಳಿಸಿದರೆ, ಮುಂದೆ ವಾದಕ್ಕೆ ಆಸ್ಪದವೇ ಉಳಿಯುವುದಿಲ್ಲ. ದೂರವಾಣಿಯಲ್ಲಿ ಹೇಳಿ ಸುಮ್ಮನಾದ ದೂರು ಹೇಳದ ದೂರಿಗೆ ಸಮ.

ಜೋಡಣೆಯ ನಂತರದ ದೋಷಗಳಲ್ಲಿ ಅತಿ ಹೆಚ್ಚು ಜಗಳಕ್ಕೆ ಎಡೆಮಾಡುವುದು ವಿದ್ಯುತ್ತಿನದು. ಈ ಕಾರುಗಳಲ್ಲಿ ಬಹಳಷ್ಟರ ಮೈ ಫೈಬರ್‌ಗ್ಲಾಸಿನದು, ಅದು ವಿದ್ಯುತ್ ಹರಿಸುವುದಿಲ್ಲ. ಉಕ್ಕಿನ ಚಾಸಿಗೆ ಪೌಡರ್ ಕೋಟಿಂಗ್ ಬಳಿದಿರುತ್ತದೆ, ಅದೂ ಹರಿಸುವುದಿಲ್ಲ. ಸಾಮಾನ್ಯ ಕಾರಿನಲ್ಲಿ ಮೈಯ ತಗಡೇ ಮಾಡುವ ಅರ್ಥಿಂಗ್ ಕೆಲಸವನ್ನು ಇಲ್ಲಿ ತಂತಿಗಳೇ ಮಾಡಬೇಕು. ಬಣ್ಣ ಕೆರೆಯದೆ ಬೋಲ್ಟ್ ಬಿಗಿದರೆ ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪ ಮಿನುಗುತ್ತದೆ, ಹೆಡ್‌ಲೈಟ್ ಹೊತ್ತಿಸಿದಾಗ ಇಂಧನದ ಮುಳ್ಳು ಕುಣಿಯುತ್ತದೆ, ಸ್ಟಾರ್ಟರ್ ಸೋಮಾರಿಯಾಗುತ್ತದೆ. ಇವು ಕಟ್ಟಿದವನ ತಪ್ಪು. ಇದೇ ಲಕ್ಷಣಗಳು ಮಾರಾಟಗಾರ ಕೊಟ್ಟ ವೈರಿಂಗ್ ಹಾರ್ನೆಸ್ಸಿನೊಳಗೆ ಸರಿಯಾಗಿ ಕ್ರಿಂಪ್ ಆಗದ ತುದಿಯಿಂದಲೂ ಬರುತ್ತವೆ, ಆಗ ತಪ್ಪು ಅವನದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭ. ದೀಪ ಉರಿಯುತ್ತಿರುವಾಗ ಅದರ ಅರ್ಥ್ ತುದಿಗೂ ಬ್ಯಾಟರಿಯ ಋಣ ಧ್ರುವಕ್ಕೂ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚಿದ್ದರೆ ಒಂದೊಂದೇ ಜೋಡಣೆ ದಾಟುತ್ತಾ ಅಳೆದರೆ ವೋಲ್ಟ್ ಎಲ್ಲಿ ಸೋರುತ್ತಿದೆ ಎಂಬುದು ಸಿಗುತ್ತದೆ: ಬೋಲ್ಟಿನ ಬಳಿಯೋ, ಹಾರ್ನೆಸ್ಸಿನೊಳಗೋ. ಮೀಟರಿನ ಆ ಅಂಕಿಯ ದಿನಾಂಕವಿರುವ ಫೋಟೊ ಯಾವ ವಾಗ್ವಾದಕ್ಕಿಂತಲೂ ಗಟ್ಟಿ. ತಂಪುಕಾರಕದ ವಿಷಯವೂ ಹೀಗೆಯೇ. ಹೊಸದಾಗಿ ತುಂಬಿದ ವ್ಯವಸ್ಥೆಯಲ್ಲಿ ಗಾಳಿ ಸಿಕ್ಕಿಕೊಂಡು ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದರೆ, ಗಾಳಿ ತೆಗೆಯದೆ ಓಡಿಸಿದಿರಿ ಎನ್ನುವುದು ಮಾರಾಟಗಾರನ ಮೊದಲ ಉತ್ತರವಾಗಿರುತ್ತದೆ. ಗಾಳಿ ತೆಗೆದ ದಿನದ ಟಿಪ್ಪಣಿ, ಬಿಗಿದ ಬೋಲ್ಟುಗಳ ಟಾರ್ಕ್ ಅಂಕಿ, ಬಿಗಿದ ಮೇಲೆ ಎಳೆದ ಬಣ್ಣದ ಗೆರೆ ಇದ್ದವರಿಗೆ ಮಾತ್ರ ಆ ಉತ್ತರವನ್ನು ಎದುರಿಸಲು ಸಾಧ್ಯ.

ದೋಷ ಭಾಗದ್ದೇ ಎಂದು ಕಂಡಾಗ ಕೈ ಕಟ್ಟಿಕೊಳ್ಳಬೇಕಾದದ್ದು ನಿಜವಾದ ಕಷ್ಟ, ಏಕೆಂದರೆ ಕಿಟ್ ಕಟ್ಟುವವರಿಗೆ ಬಿಚ್ಚುವುದು ಹುಟ್ಟುಗುಣ. ಆದರೆ ಬಿಚ್ಚಿದ ಗೇರ್‌ಬಾಕ್ಸ್ ಸಾಕ್ಷಿಯಾಗಿ ಅರ್ಧ ಸತ್ತಂತೆ. ಮೊದಲು ಬರೆದು ತಿಳಿಸಿ, ಪರಿಶೀಲಿಸಲು ಅವಕಾಶ ಕೊಡಿ. ಬದಲಾಯಿಸಲೇಬೇಕಾದರೆ ಹಳೆಯ ಭಾಗವನ್ನು ಎಸೆಯದೆ ಚೀಲಕ್ಕೆ ಹಾಕಿ ಹೆಸರು, ದಿನಾಂಕ ಬರೆದಿಡಿ. ಉತ್ತರ ಬಾರದಿದ್ದರೆ ಗಡುವು ಹಾಕಿ ದಾವೆಗೆ ಮುನ್ನಿನ ಪತ್ರ ಕಳಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 10,000 ಪೌಂಡ್‌ವರೆಗಿನ ಬೇಡಿಕೆಯನ್ನು ಸಾಮಾನ್ಯವಾಗಿ ಸಣ್ಣ ದಾವೆಗಳ ವಿಭಾಗದಲ್ಲಿ ವಕೀಲರಿಲ್ಲದೆಯೂ ನಡೆಸಬಹುದು. ಅಲ್ಲಿ ತಜ್ಞರ ವರದಿ ಬಳಸಲು ನ್ಯಾಯಾಲಯದ ಅನುಮತಿ ಬೇಕು. ಹಣ ಪಾವತಿಯ ರೀತಿಯೂ ಒಂದು ರಕ್ಷಣೆ. 100 ಪೌಂಡಿಗಿಂತ ಹೆಚ್ಚು, 30,000 ಪೌಂಡ್ ಮೀರದ ಬೆಲೆಯ ಸರಕಿಗೆ ಹಣದ ಒಂದು ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕೊಟ್ಟ ಬ್ಯಾಂಕೂ ಮಾರಾಟಗಾರನಷ್ಟೇ ಹೊಣೆ. ಸಣ್ಣ ತಯಾರಕರೇ ಹೆಚ್ಚಿರುವ ಈ ಉದ್ಯಮದಲ್ಲಿ ಇದು ಬಹಳ ದೊಡ್ಡದು. ಹೆಸರಾಂತ ಕಿಟ್ ತಯಾರಕ ವೆಸ್ಟ್‌ಫೀಲ್ಡ್ ಕೂಡ 2022ರಲ್ಲಿ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹೀಗೆ ಕಾಗದ ಹಿಡಿದು ಬಂದರೆ ಬೆರಳೆಣಿಕೆಯ ಜನರ ವರ್ಕ್‌ಶಾಪುಗಳು ಮುಚ್ಚಿಹೋಗುತ್ತವೆ, ಹವ್ಯಾಸವೇ ಸಾಯುತ್ತದೆ ಎಂಬ ಆತಂಕ ಕೇಳಿಬರುತ್ತದೆ. ಮೊದಲ 30 ದಿನ ದಾಟಿದ ಮೇಲೆ ಕಾಯ್ದೆ ಮೊದಲು ಕೊಡಿಸುವುದು ದುರಸ್ತಿ ಅಥವಾ ಬದಲಿ ಭಾಗ, ಹಣ ಆಮೇಲಿನ ಮಾತು ಎಂಬುದನ್ನು ಈ ಆತಂಕ ಮರೆಯುತ್ತದೆ. ಟಿಪ್ಪಣಿ ಇಟ್ಟುಕೊಂಡ ಗ್ರಾಹಕ ತನ್ನದೇ ತಪ್ಪನ್ನು ತಾನೇ ಗುರುತಿಸುವುದೂ ಹೆಚ್ಚು, ಮತ್ತು ಅದರಿಂದ ಉಳಿಯುವುದು ಪ್ರಾಮಾಣಿಕ ತಯಾರಕನ ಸಮಯವೇ.

ಇದೇ ದಾಖಲೆ ರಸ್ತೆಗೆ ಇಳಿಯುವ ದಾರಿಯಲ್ಲೂ ಬೇಕು. ಕಟ್ಟಿದ ಕಾರು ಐವಿಎ ಎಂಬ ಬಿಡಿವಾಹನ ಅನುಮೋದನೆಯ ಪರೀಕ್ಷೆ ದಾಟಬೇಕು. 1998ರಿಂದ ಇದ್ದ ಎಸ್‌ವಿಎ ಪರೀಕ್ಷೆಯ ಬದಲು 2009ರಲ್ಲಿ ಇದು ಬಂತು, ನಡೆಸುವುದು ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ. ಬ್ರೇಕು, ಹೊಗೆ, ಸದ್ದು, ಸೀಟ್ ಬೆಲ್ಟಿನ ನೆಲೆ, ಚೂಪು ಅಂಚುಗಳು, ತಿರುವಿನ ಬಳಿಕ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತದೆಯೇ ಎಂಬುದು, ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಆಮೇಲೆ ಸ್ವಾನ್‌ಸಿಯ ಡಿವಿಎಲ್‌ಎ ಕಚೇರಿಯಲ್ಲಿ ನೋಂದಣಿ. ಎಲ್ಲ ಭಾಗಗಳೂ ಹೊಸವು ಎಂದು ರಸೀದಿಗಳಿಂದ ತೋರಿಸಿದರೆ ಆ ವರ್ಷದ ಹೊಸ ಸಂಖ್ಯೆ ಸಿಗುತ್ತದೆ. ಕಾರಿನ ವಯಸ್ಸು ಅಥವಾ ಗುರುತು ಸಾಬೀತಾಗದಿದ್ದರೆ ‘ಕ್ಯೂ’ ಅಕ್ಷರದಿಂದ ಶುರುವಾಗುವ ಸಂಖ್ಯೆ, ಮತ್ತು ಅದರ ಜಾಗದಲ್ಲಿ ಇಷ್ಟದ ಸಂಖ್ಯೆ ಹಾಕಿಕೊಳ್ಳಲು ಬರುವುದಿಲ್ಲ. ಐವಿಎ ಪಾಸಾಯಿತೆಂದರೆ ಕಾರು ಸರಿಯಿದೆ ಎಂದು ತಿಳಿಯುವುದು ಮಾತ್ರ ತಪ್ಪು. ಅದು ಪರೀಕ್ಷೆಯ ದಿನದ ಸ್ಥಿತಿಗೆ ಸಿಕ್ಕ ಒಪ್ಪಿಗೆ. ಪಾಸಾದ ಮರುದಿನವೇ ಅಂಚಿನ ರಬ್ಬರು, ದೊಡ್ಡ ಕನ್ನಡಿಗಳನ್ನು ಕಿತ್ತುಹಾಕುವ ರೂಢಿ ಬಹಳ ಮಂದಿಯಲ್ಲಿದೆ. ಎಲ್ಲರೂ ಮಾಡುತ್ತಾರೆ ಎಂಬುದು ಅವರ ಸಮರ್ಥನೆ. ಅಪಾಯಕಾರಿ ಸ್ಥಿತಿಯಲ್ಲಿ ವಾಹನ ಬಳಸುವುದು 1988ರ ರಸ್ತೆ ಸಂಚಾರ ಕಾಯ್ದೆಯಡಿ ಅಪರಾಧ, ಪಾದಚಾರಿಯೊಬ್ಬರಿಗೆ ಆ ಅಂಚು ತಗುಲಿದ ದಿನ ಎಲ್ಲರೂ ಎಂಬ ಮಾತು ಯಾರನ್ನೂ ಕಾಪಾಡುವುದಿಲ್ಲ. ವಿಮೆ ಕೊಳ್ಳುವಾಗ ಕಾರು ಕಿಟ್‌ನದು, ಇಂಥ ಬದಲಾವಣೆಗಳಾಗಿವೆ ಎಂಬುದನ್ನು ಸರಿಯಾಗಿ ಹೇಳುವ ಹೊಣೆಯನ್ನು 2012ರ ಗ್ರಾಹಕ ವಿಮೆ ಕಾಯ್ದೆ ಗ್ರಾಹಕನ ಮೇಲೆಯೇ ಇಟ್ಟಿದೆ.

ಬೇರೊಬ್ಬರು ಕಟ್ಟಿದ ಕಾರನ್ನು ಅವರಿಂದಲೇ ಕೊಳ್ಳುವವರಿಗೆ ಹಕ್ಕು ಇನ್ನೂ ಕಡಿಮೆ. ಖಾಸಗಿ ಮಾರಾಟದಲ್ಲಿ ಗುಣಮಟ್ಟದ ಖಾತರಿ ಇಲ್ಲ. ಸರಕು ವಿವರಣೆಗೆ ಹೊಂದಬೇಕು, ಮಾರುವವನಿಗೆ ಮಾಲೀಕತ್ವವಿರಬೇಕು, ಅಷ್ಟೆ. ಆದ್ದರಿಂದ ಜಾಹೀರಾತಿನ ಮಾತುಗಳನ್ನು ಉಳಿಸಿಕೊಳ್ಳಿ, ಕಟ್ಟಿದ ಕಾಲದ ಕಡತ ಕೇಳಿ. ಕಡತವಿಲ್ಲದ ಕಾರನ್ನು ಬಿಡುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಇಂಥ ಕಾರನ್ನು ಕರ್ನಾಟಕಕ್ಕೆ ತಂದು ಓಡಿಸುವ ಕನಸಿರುವವರು ನಮ್ಮ ಕಾನೂನಿನ ಸ್ವಭಾವ ಬೇರೆ ಎಂದು ತಿಳಿದಿರಬೇಕು. ಬ್ರಿಟನ್ ಒಂದೊಂದು ಕಾರನ್ನೂ ಬಿಡಿಯಾಗಿ ಪರೀಕ್ಷಿಸಿ ಒಪ್ಪುತ್ತದೆ. ನಮ್ಮ ವ್ಯವಸ್ಥೆ ತಯಾರಕನ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಪರೀಕ್ಷಿಸಿ ಒಪ್ಪುವುದರ ಮೇಲೆ ನಿಂತಿದೆ. ಹೊಸ ವಾಹನದ ನೋಂದಣಿಗೆ ತಯಾರಕನ ಪ್ರಮಾಣಪತ್ರವೂ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕ ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಗೊಳಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಗಮನಿಸಬೇಕಾದ ಮಾತಿದೆ: ಇತರರು ಮಾಡಿದ ಭಾಗಗಳನ್ನು ಜೋಡಿಸುವವನನ್ನೂ ಅದು ಉತ್ಪಾದಕನ ವ್ಯಾಖ್ಯೆಗೆ ಸೇರಿಸುತ್ತದೆ, ಹಾನಿಯಾದಾಗ ವಸ್ತು ಮಾರ್ಪಾಡಾಗಿದ್ದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲದು ಎನ್ನುತ್ತದೆ. ಬಿಡಿಭಾಗವೇ ಕೆಟ್ಟದ್ದಾಗಿದ್ದರೆ ಮಾತ್ರ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಯಾವ ಅಡ್ಡಿಯೂ ಇಲ್ಲ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮಾರ್ಗದರ್ಶನವೂ ಸಿಗುತ್ತದೆ.

ಕಾಯ್ದೆ ಕೊಡದ್ದನ್ನು ಒಪ್ಪಂದದಲ್ಲಿ ಕೇಳಿ ಪಡೆಯಬಹುದು. ಕಿಟ್‌ಗೆ ಮುಂಗಡ ಕೊಡುವ ಮುನ್ನ ಮಾರಾಟಗಾರನಿಗೆ ಒಂದು ಪ್ರಶ್ನೆ ಬರೆದು ಕಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ: ವಾರಂಟಿಯ ಎಣಿಕೆ ಭಾಗಗಳು ಕೈಸೇರಿದ ದಿನದಿಂದಲೋ, ಕಾರು ನೋಂದಣಿಯಾದ ದಿನದಿಂದಲೋ? ನೋಂದಣಿಯ ದಿನದಿಂದ ಎಂದು ಒಪ್ಪುವ ತಯಾರಕ ಸಿಕ್ಕರೆ, ಬೆಲೆ ತುಸು ಹೆಚ್ಚಾದರೂ ಅವನಿಂದಲೇ ಕೊಳ್ಳಿ.