ಬಲ, ನೆಲೆ ಮತ್ತು ಹಿಮ್ಮಾಹಿತಿ: ತಾಂತ್ರಿಕ ಗದ್ಯದ ಒಂದು ಪಾಠ

ಕನ್ನಡ ವಿಜ್ಞಾನ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆ ಪರಿಚಿತ. ಅಂದು ಎದುರಾದ ಪ್ರಶ್ನೆ ಇಂದಿಗೂ ತೀರಿಲ್ಲ. ಹೊಸ ಯಂತ್ರವನ್ನು ಕನ್ನಡಕ್ಕೆ ತರುವಾಗ ತರಬೇಕಾದುದು ಅದರ ಹೆಸರನ್ನೋ, ಅದರ ಕಾರ್ಯವನ್ನೋ? ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ತಾಂತ್ರಿಕ ಗ್ರಂಥದಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ ಬೆಳೆಯುವ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಕನ್ನಡ ವಿದ್ಯಾರ್ಥಿಗೆ ಇದು ಕೇವಲ ಪಠ್ಯದ ಪ್ರಶ್ನೆಯಲ್ಲ. ಗುಜರಿಗೆ ಬಿದ್ದ ಹಾರ್ಡ್ ಡಿಸ್ಕಿನ ಒಂದು ಬಿಡಿಭಾಗದಿಂದ ಇದನ್ನು ಪರಿಶೀಲಿಸಬಹುದು.

ಹಾರ್ಡ್ ಡಿಸ್ಕಿನೊಳಗೆ ಓದುವ ತಲೆಯನ್ನು ಹೊತ್ತ ತೋಳೊಂದಿದೆ. ಅದರ ಹಿಂತುದಿಯಲ್ಲಿ ತಾಮ್ರದ ತಂತಿಯ ಸುರುಳಿಯೂ ಅದರ ಮೇಲೆ ಕೆಳಗೆ ಪ್ರಬಲ ಆಯಸ್ಕಾಂತಗಳೂ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ತೋಳು ಸರಿಯುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದರೆ ತೋಳಿನ ದಿಕ್ಕೂ ಬದಲಾಗುತ್ತದೆ. ಇದರ ಹೆಸರು ವಾಯ್ಸ್ ಕಾಯಿಲ್. ‘ಧ್ವನಿಸುರುಳಿ’ ಎಂಬ ಅನುವಾದ ವ್ಯಾಕರಣಶುದ್ಧ. ಆದರೆ ಇಲ್ಲಿ ಧ್ವನಿಗೆ ಕೆಲಸವಿಲ್ಲ. ಧ್ವನಿವರ್ಧಕದಲ್ಲಿ ಇದೇ ಬಗೆಯ ಸುರುಳಿ ಇರುವುದರಿಂದ ಆ ಹೆಸರು ಬಂದಿದೆಯಷ್ಟೆ.

ಈ ಸುರುಳಿಗೆ ಬಲವುಂಟು, ನೆಲೆಯ ಅರಿವಿಲ್ಲ. ಎಷ್ಟು ವಿದ್ಯುತ್ತೋ ಅಷ್ಟು ಬಲ. ಎಲ್ಲಿ ನಿಲ್ಲಬೇಕೆಂಬುದನ್ನು ಅದು ತಿಳಿಯದು. ಕೆಲಸದಲ್ಲಿರುವ ಡಿಸ್ಕಿನಲ್ಲಿ ತಟ್ಟೆಯ ಮೇಲೆ ಮೊದಲೇ ಬರೆದಿಟ್ಟ ಗುರುತುಗಳನ್ನು ತಲೆ ಓದಿ ತನ್ನ ನೆಲೆಯನ್ನು ತಿಳಿಸುತ್ತದೆ. ತಟ್ಟೆಯನ್ನು ಕಳಚಿದೊಡನೆ ಆ ಅರಿವು ಹೋಗುತ್ತದೆ. ಆದ್ದರಿಂದ ಮರುಬಳಕೆ ಮಾಡುವವರು ತೋಳಿನ ನೆಲೆಯನ್ನು ಅಳೆಯುವ ಬೇರೊಂದು ಸಂವೇದಕವನ್ನು ಜೋಡಿಸಬೇಕು. ಅಳತೆಯನ್ನು ನಿಯಂತ್ರಕಕ್ಕೆ ಮರಳಿಸುವ ಈ ಕ್ರಮವೇ ಹಿಮ್ಮಾಹಿತಿ.

ಗುರಿಗೂ ನೆಲೆಗೂ ನಡುವಣ ಅಂತರ ಹೆಚ್ಚಿದಷ್ಟೂ ಹೆಚ್ಚು ವಿದ್ಯುತ್ ಕೊಡುವುದು ಮೊದಲ ನಿಯಮ. ಇದೊಂದೇ ಸಾಲದು. ಗುರಿ ಮುಟ್ಟಿದಾಗಲೂ ತೋಳಿಗೆ ವೇಗವಿರುವುದರಿಂದ ಅದು ಮುಂದೆ ಹೋಗಿ, ಹಿಂದೆ ಬಂದು ತೂಗಾಡುತ್ತದೆ. ಆದುದರಿಂದ ವೇಗವನ್ನೂ ಗಣಿಸಿ ತಡೆಯೊಡ್ಡಬೇಕು. ಗದ್ವಾಲ್ ಸಮೀಪದ ಜುರಾಲಾ ಜಲಾಶಯದ ಪೂರ್ಣಮಟ್ಟ 318.516 ಮೀಟರ್. ಗೇಟು ತೆರೆಯುವ ನಿರ್ಧಾರಕ್ಕೆ ನೀರಿನ ಮಟ್ಟದೊಂದಿಗೆ ಅದು ಏರುತ್ತಿರುವ ವೇಗವೂ ತಿಳಿದಿರಬೇಕು. ತೋಳಿನ ವಿಷಯದಲ್ಲೂ ಹಾಗೆಯೇ. ತಂತಿಯ ಸೆಳೆತದಿಂದಲೋ ತೋಳಿನ ಭಾರದಿಂದಲೋ ಉಳಿಯುವ ಅಲ್ಪ ಅಂತರವನ್ನು ಕಾಲಕ್ರಮದಲ್ಲಿ ಕೂಡಿಸುತ್ತ, ಅದಕ್ಕೆ ತಕ್ಕಂತೆ ವಿದ್ಯುತ್ತನ್ನು ತಿದ್ದುವುದು ಮೂರನೆಯ ನಿಯಮ.

ಸುರುಳಿಯ ಎರಡು ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೆ ಅಂತರ ಕುಗ್ಗುವ ಬದಲು ಹಿಗ್ಗಿ, ತೋಳು ಒಂದು ಕೊನೆಗೆ ಬಡಿಯುತ್ತದೆ. ತಪ್ಪಿಗೆ ಎದುರಾಗಿ ವರ್ತಿಸುವ ಸರಿಯಾದ ಕ್ರಮಕ್ಕೆ ‘ಋಣಾತ್ಮಕ ಹಿಮ್ಮಾಹಿತಿ’ ಎಂಬ ಹೆಸರಿದೆ. ತರಗತಿಯಲ್ಲಿ ಈ ಮಾತು ಕೇಳಿದವರು ಕಟುವಿಮರ್ಶೆಯೆಂದು ಭಾವಿಸುವುದು ಸಹಜ. ಯಂತ್ರದಲ್ಲಿ ಅದು ಸ್ಥಿರತೆಯ ಮೂಲ. ನಾರಾಯಣಪೇಟೆಯ ನೇಕಾರನು ಹಾಸು ಬಿಗಿದರೆ ಸಡಿಲಿಸುತ್ತಾನೆ, ಸಡಿಲಿದರೆ ಬಿಗಿಯುತ್ತಾನೆ. ಅವನ ಕೈ ಮಾಡುವುದೂ ಇದನ್ನೇ. ‘ತಿದ್ದುವ ಹಿಮ್ಮಾಹಿತಿ’ ಎಂದರೆ ಅರ್ಥ ನೇರವಾಗಿ ತಲುಪುತ್ತದೆ.

ಪದಕ್ಕೆ ಪದವನ್ನಿಟ್ಟ ಮಾತ್ರಕ್ಕೆ ತಾಂತ್ರಿಕ ಗದ್ಯ ಸಿದ್ಧಿಸದು. ವಾಯ್ಸ್ ಕಾಯಿಲ್ ಎಂಬ ರೂಢಿಯ ಹೆಸರನ್ನು ಉಳಿಸಿಕೊಂಡರೂ ಕನ್ನಡಕ್ಕೆ ಕುಂದಿಲ್ಲ. ಕಾರ್ಯವನ್ನು ತಿಳಿಯಾಗಿ ಹೇಳದಿದ್ದರೆ ಶುದ್ಧಪದವೂ ವ್ಯರ್ಥ. ವಸ್ತುವನ್ನು ಅರಿತು ಬರೆದ ವಾಕ್ಯವನ್ನು ಅರಿಯದವರಿಗೆ ಓದಿಸಿ, ಅವರು ತಡೆದು ನಿಂತಲ್ಲಿ ತಿದ್ದಬೇಕು. ಗದ್ಯಕ್ಕೂ ಹಿಮ್ಮಾಹಿತಿ ಬೇಕು.

ಅಭ್ಯಾಸ: ಕೈಮಗ್ಗದ ಯಾವುದಾದರೊಂದು ಕಾರ್ಯವನ್ನು ಹತ್ತು ವಾಕ್ಯಗಳಲ್ಲಿ ವಿವರಿಸಿ. ಬಳಸಿದ ಪಾರಿಭಾಷಿಕ ಪದಗಳಲ್ಲಿ ಹೆಸರನ್ನಷ್ಟೇ ಸೂಚಿಸುವವು ಯಾವುವು, ಕಾರ್ಯವನ್ನು ತಿಳಿಸುವವು ಯಾವುವು ಎಂಬುದನ್ನು ವಿಂಗಡಿಸಿ.